ಮಜ್ಜಿಗೆ ಕಡೆಯುವ ಕಂಬ

ಪ್ರಿಯರೇ, ಈಗಷ್ಟೇ ಎಲ್ಲರೂ ಎದ್ದು ನಿಂತು, ‘ನಂಬುತ್ತೇನೆ’ ಎನ್ನುತ್ತಾ ವಿಶ್ವಾಸಪ್ರಮಾಣ ಹೇಳಿದೆವು. ಎಷ್ಟು ಬೇಗ ಹೇಳಿದೆವು! ರೈಲು ತಪ್ಪಿಹೋಗುತ್ತದೇನೋ ಎಂಬಂತೆ. ನಾನೂ ಹಾಗೇ ಹೇಳಿದೆ, ಬಯ್ಯುವುದಾದರೆ ನನ್ನಿಂದಲೇ ಶುರುಮಾಡಬೇಕು. ಅದಕ್ಕೆ ಮೊದಲು ಒಂದು ಮನೆಯ ಕಥೆ ಕೇಳಿ.

ಗದಗ ಕಡೆಯ ಒಂದೂರಲ್ಲಿ ಒಬ್ಬ ಸಾಹುಕಾರ, ಚರ್ಚಿನ ಸಭೆಯ ಹಿರಿಯ. ಅವನದು ಹಳೆಯ ಮನೆ, ಮೇಲೆ ಮಣ್ಣು ಹೊದಿಸಿದ ಮಾಳಿಗೆ. ನಡುಮನೆಯಲ್ಲಿ ಒಂದು ತೇಗದ ಕಂಬ. ಅವನ ಅಜ್ಜ ಕ್ರಿಸ್ತನನ್ನು ನಂಬಿದ ವರ್ಷ ಅದರ ಮೇಲೆ ಶಿಲುಬೆ ಕೆತ್ತಿಸಿದ್ದ. ಸಂಜೆಯ ಪ್ರಾರ್ಥನೆ ಅದರ ಬುಡದಲ್ಲೇ. ಬೆಳಗ್ಗೆ ಕಡಗೋಲು ಕಟ್ಟಿ ಮಜ್ಜಿಗೆ ಕಡೆಯುವುದೂ ಅದಕ್ಕೇ. ಹಗ್ಗ ಉಜ್ಜಿ ಉಜ್ಜಿ ಕಂಬಕ್ಕೆ ಕಚ್ಚು ಬಿದ್ದಿತ್ತು, ಮಕ್ಕಳ ಎಣ್ಣೆಗೈ ತಾಗಿ ಕಪ್ಪಾಗಿತ್ತು.

ಸಾಹುಕಾರನಿಗೆ ಇದು ಸರಿಬರಲಿಲ್ಲ. ಅಜ್ಜನ ಶಿಲುಬೆಗೆ ಮಜ್ಜಿಗೆ ಸಿಡಿಯುವುದೇ? ಕಂಬ ಕಿತ್ತು, ಪಾಲಿಶ್ ಹಚ್ಚಿಸಿ, ಹೊರಗಿನ ಕಟ್ಟೆಯ ಮೇಲೆ ನಿಲ್ಲಿಸಬೇಕು, ಹೋಗಿ ಬರುವವರೆಲ್ಲ ನೋಡಬೇಕು ಎಂದ. ಭಕ್ತಿಯಿಂದಲೇ ಎಂದ, ನೋಡಿ! ಕೆಟ್ಟ ಮನುಷ್ಯನಲ್ಲ.

ಹೆಂಡತಿ ಕೇಳಿದಳು, “ಮಜ್ಜಿಗಿ ಎಲ್ಲಿ ಕಡೀಲ್ರಿ?”

ಕಂಬ ಕೀಳಲು ಕರೆಸಿದ್ದ ಹಳೆಯ ಗೌಂಡಿ, ಮನೆ ಕಟ್ಟುವ ಮೇಸ್ತ್ರಿ, ಹೇಳಿದ, “ಸಾವಕಾರ್ರ, ಇದು ಬರೇ ಚಂದಕ್ಕ ನಿಂತಿಲ್ರಿ. ಇಡೀ ಮಾಳಗಿ ಇದರ ಮ್ಯಾಲ ಕುಂತೈತಿ.”

“ತೊಲಿ ಗಟ್ಟಿ ಐತಿ, ತಗಿಯೋ ಮಾರಾಯ!”

ಗೌಂಡಿ ಒಲ್ಲೆನೆಂದು ಹೋದ. ಬೇರೆ ಯಾರೋ ಬಂದು ಕಿತ್ತರು.

ಮನೆ ಬಿತ್ತೇ? ಬೀಳಲಿಲ್ಲ. ಮರುದಿನ ಬಿತ್ತೇ? ಇಲ್ಲ. ಅದೇ ಮೋಸ, ಪ್ರಿಯರೇ! ಕಂಬ ಕಿತ್ತ ದಿನವೇ ಮನೆ ಬೀಳುವುದಿಲ್ಲ. ಹೊರಗೆ ಕಂಬ ಮಿಂಚುತ್ತಿತ್ತು, ಜನ ಫೋಟೋ ತೆಗೆಸಿಕೊಂಡರು.

ಆಮೇಲೆ ಮಳೆ ಬಂತು. ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಯಿತು. ಅವತ್ತು ಮೊಮ್ಮಗಳ ದೀಕ್ಷಾಸ್ನಾನ. ಆರಾಧನೆ ಮುಗಿಸಿ ಎಲ್ಲರೂ ಊಟಕ್ಕೆ ಕುಳಿತಿದ್ದಾರೆ, ನಡುಮನೆಯ ತೊಟ್ಟಿಲಲ್ಲಿ ಕೂಸು. ಸಾಹುಕಾರನ ಹೆಂಡತಿ ಬಾಗಿ ನೋಡಿದರೆ ಕೂಸಿನ ಬಿಳಿ ಅಂಗಿಯ ಮೇಲೆ ಒಂದು ಹಿಡಿ ಮಣ್ಣು. ತಲೆ ಎತ್ತಿದಳು. ತೊಲೆ ಬಾಗಿತ್ತು.

“ಎಲ್ಲಾರೂ ಹೊರಗ ನಡೀರಿ!” ಎನ್ನುತ್ತಾ ಕೂಸನ್ನು ಎದೆಗವಚಿಕೊಂಡು ಓಡಿದಳು.

ಊಟಕ್ಕೆ ಬಂದಿದ್ದ ಗೌಂಡಿ ಎಂಜಲು ಕೈಯಲ್ಲೇ ಎದ್ದು, ಹಿತ್ತಲಿನಿಂದ ಎರಡು ಬೊಂಬು ತಂದು ತೊಲೆಗೆ ಆನಿಸಿದ. “ಕಂಬ ತರ್ರೀ, ಲಗೂನ!” ಎಂದು ಕೂಗಿದ. ಸಾಹುಕಾರ ಕೋಟು ಬಿಸಾಕಿ, ಆ ಪಾಲಿಶ್ ಕಂಬಕ್ಕೆ ತಾನೇ ಹೆಗಲು ಕೊಟ್ಟ. ಎಂಟು ಜನ ಹೊತ್ತು ತಂದು, ಬಾಗಿದ ತೊಲೆಯನ್ನು ಬೊಂಬಿನಿಂದ ಮೇಲೆತ್ತಿ, ಹಳೆಯ ಜಾಗದಲ್ಲೇ ನಿಲ್ಲಿಸಿದರು. ಮನೆ ಉಳಿಯಿತು.

ಮರುದಿನ ಬೆಳಗ್ಗೆ ಅವನೇ ಕಡಗೋಲಿನ ಹಗ್ಗ ತಂದು ಹೆಂಡತಿಯ ಕೈಗೆ ಕೊಟ್ಟ.

“ಪಾಲಿಶ್ ಹೋಗತೈತಲ್ರೀ?”

“ಹೋಗ್ಲಿ ಬಿಡು. ಕೂಸು ಉಳದೈತಲ್ಲ.”

ಈಗ ನಿಮ್ಮ ಮನೆಗೆ ಬರೋಣ. ಕ್ರಿಸ್ತನು ನನ್ನ ಪಾಪಕ್ಕಾಗಿ ಸತ್ತನು, ಮೂರನೆಯ ದಿನ ಎದ್ದನು ಎಂಬ ನಂಬಿಕೆ ನಿಮ್ಮ ಮನೆಯಲ್ಲಿ ಎಲ್ಲಿದೆ? ಬಾಗಿಲ ಮೇಲಿನ ಬೈಬಲ್ ವಚನದಲ್ಲಿದೆ, ಸ್ಕೂಟರಿನ ಸ್ಟಿಕ್ಕರಿನಲ್ಲಿದೆ. ಅಡುಗೆಮನೆಯಲ್ಲಿದೆಯೇ? ಪಾಪಕ್ಷಮೆಯನ್ನು ನಂಬುತ್ತೇನೆ ಎಂದು ಈಗ ಹೇಳಿದಿರಲ್ಲ, ಎರಡು ಬೆಂಚು ಹಿಂದೆ ಕುಳಿತ ತಮ್ಮನ ಜೊತೆ ಮಾತು ಬಿಟ್ಟು ಎಷ್ಟು ಈಸ್ಟರ್ ಆಯಿತು? ತಿರುಗಿ ನೋಡಬೇಡಿ, ನಾನು ಯಾರ ಹೆಸರೂ ಹೇಳಿಲ್ಲ!

ಹೆದರಬೇಡಿ. ಕಂಬ ಕಳೆದುಹೋಗಿಲ್ಲ, ಹೊರಗೆ ನಿಂತಿದೆ ಅಷ್ಟೇ. ಇವತ್ತೇ ಒಳಗೆ ತನ್ನಿ. ಆ ತಮ್ಮನನ್ನು ಮಧ್ಯಾಹ್ನ ಊಟಕ್ಕೆ ಕರೆಯಿರಿ. ನಾಳೆ ಹಾಲು ಉಕ್ಕಿ ಸೊಸೆಯ ಮೇಲೆ ಸಿಟ್ಟು ಬಂದಾಗ, ಬಾಯಿ ತೆರೆಯುವ ಮೊದಲು, ನನ್ನನ್ನೂ ಒಬ್ಬಾತನು ಕ್ಷಮಿಸಿದ್ದಾನೆ ಎಂದು ನೆನೆಯಿರಿ. ನಿಮ್ಮ ನಂಬಿಕೆಗೆ ದಿನವೂ ಒಂದಿಷ್ಟು ಮಜ್ಜಿಗೆ ಸಿಡಿಯಲಿ. ಕರ್ತನಿಗೆ ಅದರಿಂದ ಬೇಸರವಿಲ್ಲ. ನಿಮ್ಮ ಮನೆ ನಿಲ್ಲುತ್ತದೆ.