ಅತ್ತೆಗೆ ತಂದ ಹಾರ

ಒಂದೂರು ಅಂತಿಟ್ಟುಕೊಳ್ಳಿ. ಹೆಸರು ಬೇಡ, ಹೆಸರು ಹೇಳಿದರೆ ಈ ಉದ್ಯಮಿಗಳ ಸಂಘದ ಹರಿಕಥೆಯಿಂದ ಯಾರಾದರೂ ಎದ್ದು ಹೋದೀರಿ. ಆ ಊರಲ್ಲೊಬ್ಬ ಶ್ರೀಮಂತ. ಶರ್ಟು ಹೊಲಿಸುವ ಕಾರ್ಖಾನೆ ಅವನದು. ಕೆಟ್ಟವನಲ್ಲ, ನೋಡಿ. ಕೆಟ್ಟವನಾಗಿದ್ದರೆ ಕಥೆ ಸುಲಭವಾಗುತ್ತಿತ್ತು, ನೀವೂ ಆರಾಮಾಗಿ ತಲೆದೂಗುತ್ತಿದ್ದಿರಿ. ಸಂಬಳ ಹತ್ತನೇ ತಾರೀಕಿಗೆ, ತಪ್ಪದೆ ಕೊಡುತ್ತಿದ್ದ. ಅದಕ್ಕೂ ಮೊದಲು ಬೇಕು ಅಂದರೆ ಎರಡೇ ಕಾರಣಕ್ಕೆ ಕೊಡುತ್ತಿದ್ದ: ಮನೆಯಲ್ಲಿ ಮದುವೆಯಾಗಬೇಕು, ಇಲ್ಲವೇ ಸಾವಾಗಬೇಕು. ಅವನಪ್ಪ ಮಾಡಿಟ್ಟ ಪದ್ಧತಿ.

ಕಾಲರ್ ಹೊಲಿಯುವ ಹೆಂಗಸೊಬ್ಬಳು ಮ್ಯಾನೇಜರ ಮುಂದೆ ಬಂದು ನಿಂತಳು.

"ಸಾರ್, ಅತ್ತೆಗೆ ಸಕ್ಕರೆ ಕಾಯಿಲೆ. ಇಂಜೆಕ್ಷನ್ ಮುಗಿದಿದೆ. ಮೆಡಿಕಲ್ ಶಾಪಿನವನು ಇನ್ನು ಸಾಲ ಕೊಡಲ್ಲ ಅಂತಾನೆ. ನಾನು ದುಡಿದಿರೋದ್ರಲ್ಲೇ ಸ್ವಲ್ಪ ಕೊಡಿ ಸಾರ್."

"ಕಾಯಿಲೆ ಎಲ್ಲರಿಗೂ ಬರುತ್ತಮ್ಮ. ಹತ್ತನೇ ತಾರೀಕಿಗೆ ಬಾ."

"ಕಾಯಿಲೆಗೆ ತಾರೀಕು ಗೊತ್ತಾಗಲ್ಲ ಸಾರ್."

"ಪದ್ಧತಿಗೆ ಗೊತ್ತಾಗುತ್ತೆ."

ಹೋಗಿ ಕುಳಿತಳು. ಕುಳಿತಳು ಅಂದರೆ ದೇಹ ಕುಳಿತಿತು. ಹೊಲಿದ ಕಾಲರೆಲ್ಲ ಸೊಟ್ಟ, ಸೂಪರ್‌ವೈಸರನಿಂದ ಬೈಗುಳ. ಮನೆಯಲ್ಲಿ ಅತ್ತೆಗೆ ಕಣ್ಣು ಮಂಜು, ಮಾತು ತೊದಲು. ಮಾರನೇ ದಿನ ಅದೇ ಮ್ಯಾನೇಜರ ಮುಂದೆ ಬಂದು, ಸೆರಗು ಬಾಯಿಗಿಟ್ಟುಕೊಂಡು ಅವಳು ಹೇಳಿದ್ದೇನು?

"ಅತ್ತೆ ಹೋಗಿಬಿಟ್ರು ಸಾರ್."

ತಕ್ಷಣ ಕೈಗೆ ಹಣ ಬಂತು, ರಜೆಯೂ ಸಿಕ್ಕಿತು. ನೋಡಿ, ಬದುಕಿಸುತ್ತೇನೆ ಅಂದಾಗ ಬಾರದ ಹಣ, ಸತ್ತಳು ಅಂದಾಗ ಬಂತು!

ಆದರೆ ಶ್ರೀಮಂತ ಧರ್ಮಿಷ್ಠ ಅಂದೆನಲ್ಲ? ಅನ್ನಲಿಲ್ಲವೋ? ಈಗ ಅನ್ನುತ್ತೇನೆ. ಕೆಲಸಗಾರರ ಮನೆಯಲ್ಲಿ ಸಾವಾದರೆ ತಾನೇ ಹೋಗಿ ಹಾರ ಹಾಕಿ ಬರುವವನು. ಮ್ಯಾನೇಜರನನ್ನು ಕರೆದುಕೊಂಡು, ದಪ್ಪನೆಯ ಸುಗಂಧರಾಜದ ಹಾರ ಹಿಡಿದು ಅವಳ ಓಣಿಗೆ ಬಂದ. ಮನೆ ಬಾಗಿಲಲ್ಲಿ ಒಬ್ಬಳು ಮುದುಕಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಳು.

"ಅಮ್ಮಾ, ಕಾರ್ಖಾನೆಯಲ್ಲಿ ಕಾಲರ್ ಹೊಲಿಯೋರ ಮನೆ ಇದೇನಾ? ಅವರ ಅತ್ತೆ ತೀರಿಕೊಂಡರಂತೆ..." ಅಂದ ಯಜಮಾನ.

ಮುದುಕಿ ಹಾರ ನೋಡಿದಳು. ಒಳಗೆ ತಿರುಗಿ ಕೂಗಿದಳು. "ಲೇ, ಬಾರೆ ಈಚೆಗೆ! ನಾನು ಯಾವಾಗ ಸತ್ತೆ?"

ಸೊಸೆ ಈಚೆಗೆ ಬಂದಳು. ಕೈಯಲ್ಲಿ ಇಂಜೆಕ್ಷನ್ ಸೂಜಿ.

"ಮೋಸ! ಸಾವು ಅಂತ ಸುಳ್ಳು ಹೇಳಿ ದುಡ್ಡು ತಗೊಂಡಿದಾಳೆ. ಇವತ್ತೇ ಕೆಲಸದಿಂದ ತೆಗೀಬೇಕು ಯಜಮಾನ್ರೇ," ಅಂದ ಮ್ಯಾನೇಜರ.

"ತಡಿಯಪ್ಪ ಸ್ವಾಮಿ," ಅಂದಳು ಮುದುಕಿ. "ಅವಳು ತಗೊಂಡಿದ್ದು ಯಾರ ದುಡ್ಡು?"

"ಅವಳು... ದುಡಿದಿದ್ದೇ," ಅಂದ ಮ್ಯಾನೇಜರ.

"ಅಲ್ಲಿಗೆ ಮೋಸ ಆಗಿದ್ದು ನನಗೊಬ್ಬಳಿಗೆ. ಉಸಿರಾಡ್ತಾ ಇರೋಳ್ನ ಸಾಯಿಸಿದಳಲ್ಲ! ನಾನೇ ಸುಮ್ಮನಿದೀನಿ, ನಿನ್ನದೇನು ಗಲಾಟೆ?" ಆಮೇಲೆ ಯಜಮಾನನ ಕಡೆ ತಿರುಗಿ, "ಹಾರ ಚೆನ್ನಾಗಿದೆ. ತಗೊಂಡು ಹೋಗಿ. ನಿಜವಾಗ್ಲೂ ಹೋದಾಗ ಹೇಳಿ ಕಳಿಸ್ತೀನಿ."

ಹಾರ ಕಾರಿಗೆ ವಾಪಸ್ ಬಂತು. ಏನು ಮಾಡಬೇಕು ಹೇಳಿ? ಹೆಣಕ್ಕೆಂದು ತಂದದ್ದು, ದೇವರಿಗೆ ಹಾಕುವಂತಿಲ್ಲ. ಮನೆಗೆ ಒಯ್ಯುವಂತಿಲ್ಲ. ಬಿಸಾಡಲು ಕೈ ಬರುವುದಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯನ ಹಾಗೆ ಕೂತುಕೊಂಡು ಘಮಘಮ ಅನ್ನುತ್ತಿದೆ. ಯಜಮಾನ ಕಿಟಕಿ ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ಕಾರ್ಖಾನೆ ತಲುಪಿದವನೇ ಪಾಲುದಾರರಾದ ತಮ್ಮಂದಿರನ್ನು ಕೂರಿಸಿಕೊಂಡ.

"ಇನ್ನು ಮೇಲೆ ಯಾವ ದಿನ ಕೇಳಿದರೂ, ಅಲ್ಲಿಯವರೆಗೆ ದುಡಿದದ್ದನ್ನು ಕೊಡೋಣ."

"ತಗೊಂಡು ಓಡಿಹೋದರೆ, ಅಣ್ಣಾ?"

"ಏನನ್ನ ತಗೊಂಡು ಓಡ್ತಾರೋ? ತಮ್ಮದನ್ನೇ! ನಾಳೆ ದುಡಿಯೋದನ್ನ ಕೊಡ್ತಿಲ್ಲ, ನಿನ್ನೆ ದುಡಿದದ್ದನ್ನ ಕೊಡ್ತಿದೀವಿ."

"ಕಾರಣವನ್ನಾದ್ರೂ ಕೇಳಬೇಕಲ್ವಾ ಯಜಮಾನ್ರೇ?" ಅಂದ ಮ್ಯಾನೇಜರ.

"ಕೇಳಿ ಕೇಳಿಯೇ ನಮ್ಮ ಕಾರ್ಖಾನೆಯಲ್ಲಿ ಇಷ್ಟೊಂದು ಅತ್ತೆಯಂದಿರು ಸತ್ತಿರೋದು."

ಸೊಸೆಯ ಕೆಲಸ ಉಳಿಯಿತು. ಅತ್ತೆಯ ಉಸಿರೂ ಉಳಿಯಿತು.

ಕಥೆ ಮುಗಿಯಿತು, ನಕ್ಕಿರಿ. ಸಂತೋಷ. ಆದರೆ ಮುಂದಿನ ಸಾಲಿನ ಕುರ್ಚಿಗಳು ಯಾಕೆ ಕಿರುಗುಟ್ಟುತ್ತಿವೆ? ಹೊರಗೆ ನಿಂತಿರುವ ನಿಮ್ಮ ಡ್ರೈವರು ಈ ತಿಂಗಳು ಇಷ್ಟು ದಿನ ಕಾರು ಓಡಿಸಿದ್ದಾನಲ್ಲ, ಆ ದಿನಗಳ ಸಂಬಳ ಯಾರದು? ದುಡಿದವನದೇ ಅಲ್ಲವೆ? ನಿಮ್ಮ ಹತ್ತಿರ ಇದ್ದ ಮಾತ್ರಕ್ಕೆ ನಿಮ್ಮದಾಯಿತೆ? ಅವನದನ್ನು ಅವನಿಗೆ ಕೊಡುವಾಗ ನಿಮ್ಮ ಮುಖದಲ್ಲಿ ದಾನ ಮಾಡಿದ ಕಳೆ ಯಾಕೆ ಬರುತ್ತದೆ, ನೋಡಿ, ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಉಪವಾಸ ಮಾಡಿ ಅನ್ನುವುದಿಲ್ಲ. ಕಾಶಿಗೆ ಹೋಗಿ ಅನ್ನುವುದಿಲ್ಲ. ಸೋಮವಾರ ಆಫೀಸಿಗೆ ಹೋಗಿ, ಲೆಕ್ಕ ನೋಡುವವರನ್ನು ಕರೆದು ಒಂದು ಮಾತು ಹೇಳಿ: ದುಡಿದವರು ದುಡಿದಷ್ಟನ್ನು ಕೇಳಿದ ದಿನವೇ ಕೊಡಿ. ಅದಕ್ಕೆ ಬಡ್ಡಿ ಹಾಕಬೇಡಿ, ಮುರಿದುಕೊಳ್ಳಬೇಡಿ. ಮುಖ್ಯವಾಗಿ, ಯಾಕೆ ಅಂತ ಕೇಳಬೇಡಿ. ನೀವು ಬ್ಯಾಂಕಿನಿಂದ ನಿಮ್ಮ ಹಣ ತೆಗೆಯುವಾಗ ಮನೆಯಲ್ಲಿ ಯಾರು ಸತ್ತರು ಅಂತ ಅವರು ಕೇಳುತ್ತಾರೆಯೆ?

ಆರತಿಗೆ ಏಳಲು ಅವಸರಪಡಬೇಡಿ. ಕೂತಲ್ಲೇ ಒಮ್ಮೆ ನೆನಪು ಮಾಡಿಕೊಳ್ಳಿ: ಈ ವರ್ಷ ನಿಮ್ಮ ಕೆಲಸಗಾರರಲ್ಲಿ ಯಾರ ಯಾರ ಮನೆಯಲ್ಲಿ ಸಾವಾಯಿತು ಅಂತ ಮುಂಗಡ ಕೊಟ್ಟಿರಿ? ಆ ಸತ್ತವರಲ್ಲಿ ಎಷ್ಟು ಜನ ಈಗ ಬಾಗಿಲಲ್ಲಿ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಾರೋ, ಹೋಗಿ ನೋಡಿ ಬನ್ನಿ. ಹಾರ ಬೇಡ.