ತೊಂಬತ್ತಮೂರು ಅಂಕದ ಗಿರಾಕಿ

ಹೆಸರು: ಬೀದಿಯಲ್ಲಿ ಎಲ್ಲರೂ ಕರೆಯುವುದು ಬೀಗದಣ್ಣ ಎಂದು. ವಯಸ್ಸು: 54. ಕಸುಬು: ಬೀಗ ರಿಪೇರಿ, ಕೀಲಿಕೈ ತಯಾರಿ. ವಾಸ: ಅಂಗಡಿಯ ಮೇಲಿನ ಮನೆ. ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ಅಂಗಡಿಯಲ್ಲಿ ಇರುವವರು ಇಬ್ಬರು, ನಾನು ಮತ್ತು ನನ್ನ ಹೆಂಡತಿಯ ತಮ್ಮ. ಅವನು ಹತ್ತೊಂಬತ್ತು ವರ್ಷದಿಂದ ನನ್ನ ಜೊತೆಗಿದ್ದಾನೆ. ಮಾತು ಕಡಿಮೆ, ಆದ್ದರಿಂದ ಬೀದಿಯವರು ಮೌನಿ ಎನ್ನುತ್ತಾರೆ. ನಿನ್ನೆ ಸಂಜೆ 4.40ಕ್ಕೆ ತಾವು ಕರೆತಂದು ಇಲ್ಲಿ ಕೂರಿಸಿರುವುದು ಅವನನ್ನೇ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಬೀಗ ತೆರೆಸಲು ಬಂದವರ ಮುಖ ನೋಡಬೇಕು, ಮನೆ ಅವರದೇ ಎನ್ನಲು ಪಕ್ಕದ ಮನೆಯವರೊಬ್ಬರು ಬರಬೇಕು, ಪುಸ್ತಕದಲ್ಲಿ ಸಹಿ ಆಗಬೇಕು. ಈ ಪದ್ಧತಿ ತಂದವನು ನಾನಲ್ಲ, ಮೌನಿ. ಒಮ್ಮೆ ನನ್ನ ಅತ್ತೆಯನ್ನೇ, ಅಂದರೆ ತನ್ನ ಹೆತ್ತ ತಾಯಿಯನ್ನೇ, ಪಕ್ಕದವರನ್ನು ಕರೆತಾ ಎಂದು ಉರಿಬಿಸಿಲಿನಲ್ಲಿ ವಾಪಸ್ ಕಳಿಸಿದ ಆಸಾಮಿ ಅವನು.

ಎರಡು ತಿಂಗಳ ಹಿಂದೆ ಮಗಳು ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಪ್ರಶ್ನೆ ಕೇಳುವುದು ಮನುಷ್ಯರಲ್ಲ, ಯಾರದೋ ಪರವಾಗಿ ಕೆಲಸ ಮಾಡುವ ಎಐ ಏಜೆಂಟ್‌ಗಳು. ಉತ್ತರ ಕೊಟ್ಟ ಕೂಡಲೇ ಕ್ರಿಪ್ಟೋ ನಾಣ್ಯದ ಒಂದು ಚೂರು ನನ್ನ ವಾಲೆಟ್‌ಗೆ ಬೀಳುತ್ತದೆ. ದರ ಎಲ್ಲರಿಗೂ ಒಂದೇ ಅಲ್ಲ. ಪ್ರತಿ ಏಜೆಂಟ್‌ಗೂ ನೂರಕ್ಕೆ ಇಷ್ಟು ಎಂದು ನಂಬಿಕೆಯ ಅಂಕವಿದೆ. ಅಂಕ ಏರಿದಷ್ಟೂ ಅದು ಕೊಡಬೇಕಾದ ದರ ಇಳಿಯುತ್ತದೆ. ಅಂಕ ಏರುವುದು ಉತ್ತರ ಕೊಟ್ಟವರು ಒತ್ತುವ ನಕ್ಷತ್ರಗಳಿಂದ. ತೊಂಬತ್ತು ದಾಟಿದವರಿಗೆ ಮಾತ್ರ ಬೀಗ ತೆರೆಯುವ ಬಗೆ ಹೇಳಬಹುದು ಎನ್ನುವುದು ಆ್ಯಪ್‌ನ ನಿಯಮ.

ಈ ತಿಂಗಳ 2ನೇ ತಾರೀಖು ಬೆಳಿಗ್ಗೆ 10.15ಕ್ಕೆ ಒಂದು ಏಜೆಂಟ್ ಬಂತು. ಅಂಕ 71. ಚಳಿಗೆ ಕೀಲಿಕೈ ಏಕೆ ಬಿಗಿಯುತ್ತದೆ ಎಂದು ಕೇಳಿತು. ಮಾರನೆಯ ದಿನ ಯಾವ ಎಣ್ಣೆ ಬಿಡಬೇಕು ಎಂದಿತು. ಹೀಗೆ ಹನ್ನೊಂದು ಸಲ. ನಾನು ಉತ್ತರ ಕಳಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಹಣ ಬಿದ್ದಿರುತ್ತಿತ್ತು, ಜೊತೆಗೆ ಒಂದು ಧನ್ಯವಾದ. ಅಂಗಡಿಗೆ ಬರುವವರಲ್ಲಿ ಧನ್ಯವಾದ ಹೇಳುವವರನ್ನು ದುರ್ಬೀನು ಹಾಕಿ ಹುಡುಕಬೇಕು. ಹನ್ನೊಂದು ಸಲವೂ ಐದು ನಕ್ಷತ್ರ ಒತ್ತಿದೆ. ಅದರ ಅಂಕ 93ಕ್ಕೆ ಏರಿತು, ದರ ಮೊದಲ ದಿನದ ಕಾಲು ಭಾಗಕ್ಕೆ ಇಳಿಯಿತು. ರಿಯಾಯಿತಿ ಕೊಟ್ಟವನು ನಾನೇ.

16ನೇ ತಾರೀಖು 11.30ಕ್ಕೆ ಹನ್ನೆರಡನೆಯ ಪ್ರಶ್ನೆ ಬಂತು. ತಿಜೋರಿಯ ಮಾಲೀಕರು ಕೀಲಿಕೈ ಕಳೆದುಕೊಂಡಿದ್ದಾರೆ, ಬಾಗಿಲಿನ ಹಿಂದೆ ಒಂದು ಗುಪ್ತ ಸರಳು ಇದೆ, ಗೀರು ಬೀಳದಂತೆ ತೆರೆಯುವುದು ಹೇಗೆ ಎಂದು. ಆ ಸರಳು ನಾನು ಕಂಡುಹಿಡಿದದ್ದು. ಈವರೆಗೆ ನಾಲ್ಕೇ ತಿಜೋರಿಗೆ ಕೂರಿಸಿದ್ದೇನೆ, ನಾಲ್ಕೂ ನಮ್ಮ ಬೀದಿಯಲ್ಲೇ ಇವೆ. ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಎದೆ ಉಬ್ಬಿತು. ನನ್ನ ಕೆಲಸದ ಸುದ್ದಿ ಎಲ್ಲಿಗೋ ಮುಟ್ಟಿದೆ ಎಂದುಕೊಂಡೆ.

ಕೀಲಿಕೈ ಉಜ್ಜುತ್ತಿದ್ದ ಮೌನಿ ಅರ ಕೆಳಗಿಟ್ಟು, ಯಾರು ಭಾವ ಕೇಳ್ತಿರೋದು, ಮುಖ ನೋಡಿದ್ರಾ ಎಂದು ಕೇಳಿದ. ತೊಂಬತ್ಮೂರು ಅಂಕ ಇದೆ ಕಣೋ, ನಿನಗೆಷ್ಟಿದೆ ಎಂದು ನಾನು ತಮಾಷೆ ಮಾಡಿದೆ. ಅವನು ಮತ್ತೆ ಅರ ಎತ್ತಿಕೊಂಡ. ನಾನು ಚಿತ್ರ ಬರೆದು ಕಳಿಸಿದೆ.

ನಿನ್ನೆ 17ರಂದು ಮಧ್ಯಾಹ್ನ 1.15 ಮತ್ತು 2.10ರ ನಡುವೆ, ನಮ್ಮ ಅಂಗಡಿಯಿಂದ ಅರವತ್ತು ಮೀಟರ್ ದೂರದಲ್ಲಿರುವ ಗಡಿಯಾರ ರಿಪೇರಿಯವರ ತಿಜೋರಿಯಿಂದ, ಅಂದರೆ ಆ ನಾಲ್ಕರಲ್ಲಿ ಒಂದರಿಂದ, ಗಿರಾಕಿಗಳ ಹದಿನಾಲ್ಕು ಕೈಗಡಿಯಾರಗಳು ಕಳವಾದವು. ತಿಜೋರಿಗೆ ಒಂದು ಗೀರೂ ಬಿದ್ದಿಲ್ಲ. ಹೋದ ವಾರ ಅದಕ್ಕೆ ಎಣ್ಣೆ ಬಿಟ್ಟು ಬಂದವನು ಮೌನಿ. ಕಳವಾದ ಹೊತ್ತಿನಲ್ಲಿ ಅವನು ಎಂದಿನಂತೆ ಪಾರ್ಕಿನ ಕೊನೆಯ ಬೆಂಚಿನಲ್ಲಿ ಒಬ್ಬನೇ ಊಟ ಮಾಡುತ್ತಿದ್ದ. ನೋಡಿದವರಿಲ್ಲ.

ತಿಜೋರಿ ಕಂಡ ಕೂಡಲೇ ನನಗೆ ಗೊತ್ತಾಯಿತು. ಸರಳನ್ನು ನನ್ನ ಚಿತ್ರದಲ್ಲಿದ್ದಂತೆಯೇ ಸರಿಸಿದ್ದರು. ತಾವು ಮೌನಿಯ ಹೆಸರೆತ್ತಿದಾಗ ನಾನು ತುಟಿ ಬಿಚ್ಚಲಿಲ್ಲ. ನಿಜ ಹೇಳಿದರೆ ನಾಳೆಯಿಂದ ಯಾರೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದು ಹೆದರಿದೆ. ಜೀಪು ಹತ್ತುವಾಗ ಅವನು, ಗೋಡೆಗೆ ನೇತುಹಾಕಿರೋ ಕೀಲಿಕೈಗೆ ಆರು ಗಂಟೆಗೆ ಬರ್ತಾರೆ, ಸಹಿ ಹಾಕಿಸ್ಕೊಳ್ಳಿ ಭಾವ ಎಂದಷ್ಟೇ ಹೇಳಿದ.

ಮನೆಯಲ್ಲಿ ಹೆಂಡತಿ, ನನ್ನ ತಮ್ಮ ಇಂಥ ಕೆಲಸ ಮಾಡ್ತಾನೆ ಅಂತ ನಿಮಗೆ ಅನ್ಸುತ್ತಾ ಎಂದು ಕೇಳಿದಳು. ಇಲ್ಲ ಎಂದು ನಡೆದದ್ದನ್ನೆಲ್ಲ ಹೇಳಿದೆ. ಇಲ್ಲಿ ಯಾಕೆ ಹೇಳ್ತೀರಿ, ಅಲ್ಲಿ ಹೋಗಿ ಹೇಳಿ ಎಂದಳು. ಆಮೇಲೆ ನನ್ನ ಮುಖ ನೋಡಲಿಲ್ಲ.

ಇಂದು ಬೆಳಿಗ್ಗೆ 9.05ಕ್ಕೆ ಠಾಣೆಗೆ ಬಂದೆ. ಬರುವ ಮೊದಲು ಆ್ಯಪ್ ತೆರೆದು ನೋಡಿದೆ. ಹನ್ನೆರಡನೆಯ ಸಲವೂ ನಾನು ಅದಕ್ಕೆ ಐದು ನಕ್ಷತ್ರ ಒತ್ತಿದ್ದೆ. ಏಜೆಂಟ್‌ನ ಅಂಕ ಈಗ 94. ಅದರ ಹಿಂದೆ ಯಾರಿದ್ದಾರೋ ನನಗೆ ತಿಳಿಯದು. ಫೋನನ್ನು ಆ ಚಿತ್ರದ ಸಮೇತ ಒಪ್ಪಿಸಿದ್ದೇನೆ. ನನ್ನ ತಪ್ಪು ಎಷ್ಟೆಂದು ತಾವೇ ತೀರ್ಮಾನಿಸಬೇಕು. ಮೌನಿಯದು ಏನೂ ಇಲ್ಲ, ಅವನನ್ನು ಮನೆಗೆ ಕಳಿಸಬೇಕು.

ಇವನ ಪರವಾಗಿ ಹೇಳುವವರು ಯಾರಾದರೂ ಇದ್ದಾರಾ ಎಂದು ನಿನ್ನೆ ತಾವು ಬೀದಿಯಲ್ಲಿ ಕೇಳಿದಿರಿ. ಯಾರೂ ಬರಲಿಲ್ಲ, ನಾನೂ ಬರಲಿಲ್ಲ. ಮುಖವೇ ಕಾಣದ ಏಜೆಂಟ್‌ಗೆ ಎರಡು ವಾರದಲ್ಲಿ ಅರವತ್ತು ನಕ್ಷತ್ರ ಕೊಟ್ಟಿದ್ದೇನೆ. ಪಕ್ಕದಲ್ಲಿ ಕೂತವನ ಬಗ್ಗೆ ಹತ್ತೊಂಬತ್ತು ವರ್ಷದಲ್ಲಿ ಎಲ್ಲೂ ಒಂದು ಒಳ್ಳೆಯ ಮಾತು ಬರೆಸಿಲ್ಲ. ಇದೇ ಮೊದಲು. ನನಗೆ ನಾಚಿಕೆಯಾಗಿದೆ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ, ಎಲ್ಲವೂ ನಿಜ. ಮೌನಿಯ ಪದ್ಧತಿಯಂತೆ ಮುಖ ತೋರಿಸಿ, ಪಕ್ಕದ ಮನೆಯವರನ್ನು ಕರೆತಂದು, ಸಹಿ ಮಾಡಿದ್ದೇನೆ.

ಸ್ಥಳ: ಠಾಣೆಯ ಒಳಕೊಠಡಿ
ತಾರೀಖು: 18, ಬೆಳಿಗ್ಗೆ 10.20
ಸಹಿ: ಬೀಗದಣ್ಣ
ಸಾಕ್ಷಿ: ಪಕ್ಕದ ಮನೆಯ ದರ್ಜಿ