ಕೇಳೋವರೆಗೂ ಕೈ ಹಿಂದೆ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ನಮ್ಮ ಮೇಡಂ ಅವರ ಯಜಮಾನರಿಗೆ, ಅವರ ಮಗಳಿಗೆ, ದೂರದಿಂದ ಬಂದಿರುವ ಅವರ ಅಕ್ಕನವರಿಗೆ, ಈ ಆಸ್ಪತ್ರೆಯ ಎಲ್ಲರ ಪರವಾಗಿ ನನ್ನ ನಮಸ್ಕಾರ. ಡಾಕ್ಟರುಗಳೇ, ಜೊತೆಯಲ್ಲಿ ದುಡಿಯೋರೇ, ಗಾಲಿಕುರ್ಚಿಯಲ್ಲಿ ಕೂತಿರೋರೇ, ಊರುಗೋಲು ಪಕ್ಕಕ್ಕೆ ಒರಗಿಸಿ ಕೂತಿರೋರೇ, ಹಿಂದೆ ಗೋಡೆ ಹಿಡಿದು ನಿಂತಿರೋರೇ... ಅಲ್ಲಿ ಕುರ್ಚಿ ಖಾಲಿ ಇದೆ, ಬಂದು ಕೂತ್ಕೊಳ್ಳಿ. — ಬೇಡ್ವಾ? ಸರಿ, ನಿಮ್ಮಿಷ್ಟ.

ಈ ಮೈಕ್ ಸ್ವಲ್ಪ ಕೆಳಗೆ ಇಳಿಸಿಕೊಡಿ. ಹಾಂ, ಸಾಕು.

ನನಗೆ ಭಾಷಣ ಮಾಡಿ ಗೊತ್ತಿಲ್ಲ. ವಾರ್ಡಿನಲ್ಲಿ ಕೂಗಾಡಿ ಗೊತ್ತು. ಪರಿಚಯ ಇಲ್ಲದವರಿಗೆ ಹೇಳ್ತೀನಿ, ನಾನಿಲ್ಲಿ ಹೆಡ್ ನರ್ಸ್. ನಮ್ಮನ್ನು ಅಗಲಿದವರು ಇಲ್ಲಿಯ ಹಿರಿಯ ಫಿಜಿಯೋಥೆರಪಿಸ್ಟ್. ಇಲ್ಲಿಗೆ ಬರೋರು ಅಪಘಾತದಲ್ಲಿ ಬೆನ್ನುಮೂಳೆ ಮುರ್ಕೊಂಡವರು, ಲಕ್ವ ಹೊಡೆದು ಅರ್ಧ ಮೈ ಸ್ವಾಧೀನ ತಪ್ಪಿದವರು, ಕಾಲು ಕಳ್ಕೊಂಡವರು. ಅವರನ್ನು ಮತ್ತೆ ನಡೆಸೋದು ಮೇಡಂ ಕೆಲಸ. ಆದರೆ ಈ ಮಹಾತಾಯಿ ನಡೆಯೋದು ಹೇಳಿಕೊಡೋ ಮುಂಚೆ ಬೀಳೋದು ಹೇಳಿಕೊಡ್ತಿದ್ರು. ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಅವರು 'ಬೀಳೋ ಮೇಡಂ'. ಹೊಸ ಪೇಷೆಂಟ್‌ಗಳು ಈ ಹೆಸರು ಕೇಳಿ ಗಾಬರಿಯಾಗ್ತಿದ್ರು. ಅಪಶಕುನ ಅಂತ ಒಬ್ಬರು ಮುಖ ತಿರುಗಿಸಿದ್ದೂ ಉಂಟು.

ಈಗ ಯೋಚನೆ ಮಾಡಿ. ನಾನು ನರ್ಸ್. ಪೇಷೆಂಟ್ ಬೀಳದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ಪೇಷೆಂಟನ್ನು ಬೀಳಿಸೋದು ಅವಳ ಕೆಲಸ! ನಮ್ಮಿಬ್ಬರಿಗೆ ಹೇಗೆ ಆಗಿಬರಬೇಕು? ಎಣ್ಣೆ ಸೀಗೆಕಾಯಿ. — ಕ್ಷಮಿಸಿ, 'ಅವಳು' ಅಂತಾನೇ ಬಾಯಿಗೆ ಬರ್ತಿದೆ. ಇಷ್ಟು ವರ್ಷ ಜಗಳ ಆಡಿದವಳನ್ನು ಇವತ್ತು ಇದ್ದಕ್ಕಿದ್ದ ಹಾಗೆ ಬಹುವಚನದಲ್ಲಿ ಕರೆಯೋಕೆ ನನ್ನಿಂದ ಆಗ್ತಿಲ್ಲ.

ಒಂದು ಸಲ ನಮ್ಮ ವಾರ್ಡಿನ ಟೈಲರಕ್ಕ — ಅಗೋ ಅಲ್ಲಿದ್ದಾರೆ, ಕಂಬದ ಪಕ್ಕ — ಕೈ ತೊಳೆಯೋ ಸಿಂಕ್ ಹತ್ರ ಜಾರಿ ಬಿದ್ರು. ನಾನು ಓಡಿಹೋಗಿ ಬಾಚಿ ಎತ್ತಿ ಕುರ್ಚಿಗೆ ಕೂರಿಸಿದೆ. ನನಗೇನೋ ದೊಡ್ಡ ಕೆಲಸ ಮಾಡಿದ ಸಮಾಧಾನ. ಹಿಂದಿನಿಂದ ಇವಳ ದನಿ: "ಮುಗೀತಾ? ನಿನ್ನ ಭಯ ನೀನು ಇಳಿಸ್ಕೊಂಡೆ. ಅವರ ಭಯ ಅವರ ಹತ್ರನೇ ಉಳೀತು." ನನಗೆ ಮೈಯೆಲ್ಲ ಉರೀತು. ಮೂರು ದಿನ ಮಾತು ಬಿಟ್ಟೆ. ಅವಳಿಗೆ ನಾನು ಮಾತು ಬಿಟ್ಟಿದ್ದು ಗೊತ್ತೇ ಆಗಲಿಲ್ಲ!

ಅವಳ ತರಗತಿಗೆ ಇದ್ದಿದ್ದು ಒಂದೇ ನಿಯಮ. ಇಲ್ಲಿರೋ ಪೇಷೆಂಟ್‌ಗಳಿಗೆಲ್ಲ ಬಾಯಿಪಾಠ. ಕೇಳೋವರೆಗೂ ಕೈ ಹಿಂದೆ, ಕೇಳಿದ ತಕ್ಷಣ ಕೈ ಮುಂದೆ. ಬಿದ್ದವರು ಕೇಳದೆ ಯಾರೂ ಮುಟ್ಟಬಾರದು. ಎಲ್ಲರೂ ಹೀಗೆ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಬಿದ್ದವರು ತಾವೇ ಉರುಳಿ, ಮೊಣಕೈ ಊರಿ, ಕುರ್ಚಿ ಕಾಲು ಹಿಡಿದು ಏಳೋವರೆಗೂ ಕಾಯಬೇಕು. ನಾನಂತೂ ಬಾಗಿಲಲ್ಲಿ ನಿಂತು ಬೈಕೊಳ್ತಿದ್ದೆ. ಆದರೆ ನಾನು ಸುಳ್ಳು ಹೇಳಲ್ಲ, ಅದು ಫಲ ಕೊಡ್ತಿತ್ತು. ಇಲ್ಲಿ ಪೇಷೆಂಟ್ ಆಗಿದ್ದ ನಮ್ಮ ಮೇಷ್ಟ್ರು ಮನೆಗೆ ಹೋದ ಮೇಲೆ ಬಚ್ಚಲಲ್ಲಿ ಬಿದ್ರಂತೆ. ಮನೇಲಿ ಯಾರೂ ಇರಲಿಲ್ಲ. ತಾವೇ ಎದ್ದು ಒದ್ದೆ ಬಟ್ಟೆಯಲ್ಲೇ ಫೋನ್ ಮಾಡಿದ್ರು: "ಮೇಡಂ, ಬಿದ್ದೆ!" ಪರೀಕ್ಷೆ ಪಾಸಾದ ಹುಡುಗನ ಹಾಗೆ ಖುಷಿ. ಇವಳು ಅವತ್ತು ಇಡೀ ಆಸ್ಪತ್ರೆಗೆ ಆ ಸುದ್ದಿ ಹಂಚಿಕೊಂಡು ಬಂದಳು.

ಇನ್ನೊಂದು ಆಟ ಇತ್ತು. ಇದನ್ನು ಮನೆಯವರಿಗೆ ಹೇಳಲೇಬೇಕು, ಯಾಕಂದ್ರೆ ಎಲ್ಲಾ ಇದರಲ್ಲೇ ಇದೆ. ಕೆಲವು ಸಲ ಇವಳೇ ಚಾಪೆ ಮೇಲೆ ಬೇಕಂತಲೇ ತಪ್ಪಾಗಿ ಬೀಳ್ತಿದ್ದಳು. ಮುನ್ಸೂಚನೆ ಇಲ್ಲ, ಏನಿಲ್ಲ. ಮಾತಿನ ಮಧ್ಯೆ ಧೊಪ್ ಅಂತ! ಬಿದ್ದು ಅಲ್ಲಾಡದೆ ಮಲಗೋಳು. ಎಲ್ಲಿ ತಪ್ಪಾಯ್ತು ಅಂತ ಪೇಷೆಂಟ್‌ಗಳು ಹೇಳಬೇಕು. ಗದ್ದ ಎದೆಗೆ ಸೇರಿಸಿಲ್ಲ, ಕೈ ಅಡಿಗೆ ಸಿಕ್ಕಿದೆ, ಪಕ್ಕಕ್ಕೆ ಉರುಳಿಲ್ಲ... ಎಲ್ಲಾ ಸರಿಯಾಗಿ ಹೇಳಿದ ಮೇಲೆ ಎದ್ದು ಚಪ್ಪಾಳೆ ತಟ್ಟೋಳು. ಒಂದು ಕಣ್ಣು ಮಾತ್ರ ಸ್ವಲ್ಪ ತೆರೆದಿಟ್ಟಿರೋಳು, ಯಾರು ಉತ್ತರ ಹೇಳ್ತಿದ್ದಾರೆ ಅಂತ ನೋಡೋಕೆ.

ಈ ಆಟದಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ನಮ್ಮ ಹಾರ್ನಣ್ಣ. ಬಸ್ ಓಡಿಸ್ತಿದ್ದವರು. ಗಂಟಲು ಹಾರ್ನ್ ಥರಾನೇ. ಒಂದು ಕಾಲು ಮಂಡಿಯಿಂದ ಕೆಳಗೆ ಇಲ್ಲ. ಮೊದಲ ಸಲ ಬಿದ್ದಾಗ ಮೀಸೆ ಒರೆಸ್ಕೊಂಡು ಮೇಡಂ ಕಡೆ ನೋಡಿ, "ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಿಲ್ಲ" ಅಂದವರು. ಮೇಡಂ ಬಿದ್ದಾಗ ತಪ್ಪು ಹುಡುಕೋದ್ರಲ್ಲಿ ಅವರಿಗೆ ಅವರೇ ಸಾಟಿ.

ಹೋದ ಸೋಮವಾರ.

ತಾಳಿ. ಸ್ವಲ್ಪ ನೀರು ಕುಡೀತೀನಿ.

ಹೋದ ಸೋಮವಾರ ಬೆಳಿಗ್ಗೆ ನಾನು ಪಕ್ಕದ ರೂಮಿನಲ್ಲಿ ಹಾಸಿಗೆ ಬಟ್ಟೆ ಮಡಿಸ್ತಿದ್ದೆ. ಅವಳು ಕೋಲು ಹಿಡಿದು ತಿರುಗೋದು ಹೇಗೆ ಅಂತ ಹೇಳಿಕೊಡ್ತಿದ್ದಳು, ದನಿ ಕೇಳಿಸ್ತಿತ್ತು. ಮಾತಿನ ಮಧ್ಯೆ ಧೊಪ್ ಅಂತ ಸದ್ದು. ನಾನು ಅಂದುಕೊಂಡೆ, ಶುರುವಾಯ್ತು ಇವಳ ನಾಟಕ. ಆಮೇಲೆ ಹಾರ್ನಣ್ಣನ ಗಂಟಲು: "ಗದ್ದ ಎದೆಗೆ ಸೇರಿಲ್ಲ!" ಟೈಲರಕ್ಕ: "ಕೈ ಅಡಿಗೆ ಸಿಕ್ಕಿದೆ!" ಇನ್ಯಾರೋ ಅಂದ್ರು, "ಇವತ್ತು ಎಲ್ಲಾ ತಪ್ಪೂ ಒಟ್ಟಿಗೇ ಮಾಡಿದ್ದಾರೆ!" ನಗು. ಜೋರಾಗಿ ನಗು. ಎಲ್ಲರ ಕೈ ಬೆನ್ನ ಹಿಂದೆ.

ಬಿದ್ದೋರಿಗೆ ಆಳಿಗೊಂದು ಕಲ್ಲು ಅಂತ ಗಾದೆ ಇದೆಯಲ್ಲ. ನಾವು ಆಳಿಗೊಂದು ತಪ್ಪು ಎಸೆದ್ವಿ. ಪ್ರೀತಿಯಿಂದ ಎಸೆದ್ವಿ. ಅವಳೇ ಕಲಿಸಿದ ಹಾಗೆ, ಒಂದಕ್ಷರ ತಪ್ಪದೆ.

ಆಟ ಅಲ್ಲ ಅಂತ ಮೊದಲು ಕಂಡಿದ್ದು ಹಾರ್ನಣ್ಣನಿಗೆ. ತೆರೆದಿರಬೇಕಾದ ಕಣ್ಣು ತೆರೆದಿರಲಿಲ್ಲ. ಅವರು ಕುರ್ಚಿಯಿಂದ ಜಾರಿ, ನೆಲದ ಮೇಲೆ ತೆವಳಿಕೊಂಡು ಅವಳ ಮುಖದ ಹತ್ರ ಹೋಗಿ ನೋಡಿದ್ರು. ಆಮೇಲೆ ಅವರು "ಸಿಸ್ಟರ್!" ಅಂತ ಕೂಗಿದ ಕೂಗು ಇವತ್ತಿಗೂ ನನ್ನ ಕಿವಿ ಬಿಟ್ಟಿಲ್ಲ. ನಾನು ಓಡಿ ಬಂದೆ. ಎದೆ ಒತ್ತಿದೆ, ಡಾಕ್ಟರು ಬಂದ್ರು, ಏನೇನು ಮಾಡಬಹುದೋ ಎಲ್ಲಾ ಮಾಡಿದ್ವಿ. ಹೃದಯ ನಿಂತಿತ್ತು. ಮತ್ತೆ ನಡೀಲಿಲ್ಲ.

ಅವತ್ತು ಮಧ್ಯಾಹ್ನ ಕಾರಿಡಾರಿನಲ್ಲಿ ಮಗಳು ನನ್ನ ಕೈ ಹಿಡ್ಕೊಂಡು ಕೇಳಿದಳು. "ಅಷ್ಟು ಜನ ಇದ್ರಲ್ಲಾ ಆಂಟಿ. ಒಬ್ಬರೂ ಯಾಕೆ ಅಮ್ಮನ್ನ ಎತ್ತಲಿಲ್ಲ?"

ಪುಟ್ಟೀ, ಇವತ್ತು ನಾನು ಇಲ್ಲಿ ನಿಂತಿರೋದು ಅವಳು ದೊಡ್ಡವಳು, ಒಳ್ಳೆಯವಳು ಅಂತ ಹೊಗಳೋಕಲ್ಲ. ನಿನಗೆ ಒಂದು ಉತ್ತರ ಕೊಡಬೇಕು. ಎಲ್ಲರ ಎದುರಿಗೇ ಕೊಡಬೇಕು.

ತಕ್ಷಣ ಎತ್ತಿದ್ರೂ ಉಳೀತಿರಲಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಇರಬಹುದು. ಅವರು ಓದಿದವರು, ಸುಳ್ಳು ಹೇಳೋರಲ್ಲ. ಆದರೆ ಆ ಮಾತು ಕೇಳಿಯೂ ನನಗೆ ನಿದ್ದೆ ಬಂದಿಲ್ಲ. ನಿನಗೂ ಬಂದಿರಲ್ಲ. ಉಳೀತಿದ್ಲೋ ಇಲ್ವೋ, ನನಗೆ ಗೊತ್ತಿಲ್ಲ ಮಗಳೇ. ಗೊತ್ತಿಲ್ಲದ್ದನ್ನು ಗೊತ್ತು ಅನ್ನಲ್ಲ.

ನಿಜ ಹೇಳ್ಲಾ? ನನಗೆ ನಿಮ್ಮಮ್ಮನ ಮೇಲೆ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟಾಗಬಾರದು ಅಂತಾರೆ. ಆಗಿದೆ, ಏನು ಮಾಡ್ಲಿ? ಅವತ್ತು ಬೆಳಿಗ್ಗೆ ಚಹಾ ಕುಡಿಯುವಾಗ ಭುಜ ಉಜ್ಜಿಕೊಳ್ತಾ ಇದ್ದಳು. "ಏನಾಯ್ತೇ?" ಅಂದೆ. "ಏನಿಲ್ಲ ಕಣೇ, ನಿನ್ನೆ ಹಾರ್ನಣ್ಣ ಕೈ ಕೇಳಿದ್ರು, ಕೊಟ್ಟೆ. ಆನೆ ಭಾರ!" ಅಂತ ನಕ್ಕಳು. "ಡಾಕ್ಟರಿಗೆ ತೋರಿಸೇ" ಅಂದ್ರೆ, "ತರಗತಿ ಮುಗೀಲಿ" ಅಂದಳು. ಊರಿಗೆಲ್ಲ 'ಕೇಳಿ, ಕೇಳೋದು ಅವಮಾನ ಅಲ್ಲ' ಅಂತ ಪಾಠ ಹೇಳಿದವಳು ತನಗೆ ಅಂತ ಒಂದು ಸಲ ಯಾರನ್ನೂ ಏನೂ ಕೇಳಲಿಲ್ಲ. ಒಂದು ಸಲ ಕೇಳಬಾರದಿತ್ತೇನೇ? ನಾನೇನು ಇಲ್ಲ ಅಂತಿದ್ನಾ?

...ಕ್ಷಮಿಸಿ.

ಆ ದಿನದಿಂದ ಅವಳು ಬೀಳೋದು ಕಲಿಸ್ತಿದ್ದ ಹಾಲ್‌ಗೆ ಬೀಗ ಬಿದ್ದಿದೆ. ವಾರ್ಡಿನಲ್ಲಿ ಯಾರೂ ಯಾರನ್ನೂ ಬಿಡ್ತಿಲ್ಲ. ಒಬ್ಬ ಪೇಷೆಂಟ್ ಎದ್ರೆ ಆ ಕಡೆ ಒಬ್ಬರು, ಈ ಕಡೆ ಒಬ್ಬರು. ನಾನು ಇಷ್ಟು ವರ್ಷ ಬೇಕು ಅಂತ ಹಟ ಹಿಡಿದಿದ್ದು ಇದೇ ತಾನೇ? ಈಗ ಸಿಕ್ಕಿದೆ. ನೋಡೋಕೆ ಆಗ್ತಿಲ್ಲ. ಗೋಡೆ ಹಿಡಿದು ತಾವೇ ಸ್ನಾನಕ್ಕೆ ಹೋಗ್ತಿದ್ದ ಟೈಲರಕ್ಕನಿಗೆ ಈಗ ಬಾಗಿಲವರೆಗೆ ಹೋಗೋಕೂ ಧೈರ್ಯ ಇಲ್ಲ.

ಹಾರ್ನಣ್ಣ ಮಾಡಿಸಿಕೊಂಡ ಕೃತಕ ಕಾಲನ್ನು ಮಂಚದ ಕೆಳಗೆ ತಳ್ಳಿ, ಗೋಡೆ ಕಡೆ ತಿರುಗಿ ಮಲಗಿಬಿಟ್ರು. ನಾನು ಹೋಗಿ ಕರೆದೆ. "ಬೇಡ ಸಿಸ್ಟರ್. ನೆಲಕ್ಕೆ ಬಿದ್ದು ಸಾಯ್ತಿದ್ದೋರ ತಪ್ಪು ಎಣಿಸಿದ ಬಾಯಿ ಇದು. ನಾನು ಎದ್ದು ಯಾರನ್ನ ಉದ್ಧಾರ ಮಾಡಬೇಕು? ಇನ್ನು ಏಳಲ್ಲ" ಅಂದ್ರು. ಇವತ್ತು ಮೇಷ್ಟ್ರು ಬಲವಂತ ಮಾಡಿ ಗಾಲಿಕುರ್ಚಿಯಲ್ಲಿ ಕರ್ಕೊಂಡು ಬಂದಿದ್ದಾರೆ. ಕಾಲನ್ನೂ ಹಾಕಿಸಿದ್ದಾರೆ. ಕೊನೇ ಸಾಲು, ಬಾಗಿಲ ಹತ್ರ. ಯಾರೂ ತಿರುಗಿ ನೋಡಬೇಡಿ ದಯವಿಟ್ಟು.

ಪುಟ್ಟೀ, ನಿನ್ನ ಪ್ರಶ್ನೆಗೆ ಉತ್ತರ ಇದು. ಅವರು ಎತ್ತಲಿಲ್ಲ, ಯಾಕಂದ್ರೆ ಎತ್ತಬಾರದು ಅಂತ ನಿಮ್ಮಮ್ಮ ಕಲಿಸಿದ್ದಳು. ಅವಳನ್ನು ನಂಬಿದ್ರು. ತಪ್ಪಾಗಿದ್ದು ಒಂದು ಕಡೆ. ಎಲ್ಲರೂ ಅವಳ ಬಗ್ಗೆ ಮಾತಾಡಿದ್ರು, ಅವಳನ್ನ ಮಾತಾಡಿಸಲಿಲ್ಲ. "ಮೇಡಂ, ಕೈ ಬೇಕಾ?" — ಇಷ್ಟು ಕೇಳಿದ್ರೆ ಸಾಕಿತ್ತು. ಉತ್ತರ ಬಂದಿಲ್ಲ ಅಂತ ತಕ್ಷಣ ಗೊತ್ತಾಗ್ತಿತ್ತು. ಬಿದ್ದವರೇ ಕೇಳಲಿ ಅಂತ ಅವಳ ನಿಯಮ. ಕೇಳೋಕೆ ಬಾಯೇ ಬರದವರು ಏನು ಮಾಡಬೇಕು? ಅದು ಅವಳಿಗೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ಈ ತಪ್ಪಿನಲ್ಲಿ ಅವಳಿಗೂ ಪಾಲಿದೆ, ನಮಗೆಲ್ಲರಿಗೂ ಪಾಲಿದೆ. ಹಾರ್ನಣ್ಣ ಒಬ್ಬರೇ ಹೊತ್ತುಕೊಂಡು ಮಲಗೋಕೆ ಇದು ಅವರೊಬ್ಬರ ಸ್ವತ್ತಲ್ಲ.

ನೀನು ನಮ್ಮನ್ನ ಕ್ಷಮಿಸಬೇಕು ಅಂತ ನಾನು ಕೇಳಲ್ಲ. ಅದು ನಿನಗೆ ಬಿಟ್ಟಿದ್ದು. ನಿಧಾನಕ್ಕೆ ನೋಡು. ಆಗದಿದ್ರೆ ಬೇಡ.

ಆಡಳಿತದವರಿಗೆ ಒಂದು ಮಾತು. ಬೀಗ ತೆಗೀರಿ. ತರಗತಿ ಯಾರು ಮಾಡ್ತಾರೆ ಅಂತ ಕೇಳಬೇಡಿ, ಹೊಸಬರು ಬರೋವರೆಗೆ ನಾನೇ ಬೀಳ್ತೀನಿ. ನಗಬೇಡಿ! ಈ ಮೈ ಬಿದ್ರೆ ಕಟ್ಟಡ ತಡ್ಕೊಳ್ಳುತ್ತಾ ಅಂತ ಅವಳು ಯಾವಾಗಲೂ ಛೇಡಿಸ್ತಿದ್ದಳು. ನೋಡೇ ಬಿಡೋಣ. ನಿಯಮ ಮಾತ್ರ ಸ್ವಲ್ಪ ಬದಲಾಗಿದೆ. ಕೈ ಹಿಂದೇನೇ ಇರಲಿ, ಬಾಯಿ ಮುಂದಿರಲಿ. ಮೊದಲು ಮಾತಾಡಿಸಿ. ಬೇಕು ಅಂದ್ರೆ ಕೈ ಕೊಡಿ. ಬೇಡ ಅಂದ್ರೆ ಕಾಯಿರಿ. ಉತ್ತರ ಬರಲಿಲ್ಲ ಅಂದ್ರೆ ಯಾವ ನಿಯಮಾನೂ ನೋಡಬೇಡಿ, ಓಡಿ.

ನನ್ನ ಮಾತು ಮುಗೀತು. ಈಗ ಅವಳಿಗಾಗಿ ಮೌನ.

ಬೇರೆ ಕಡೆ ಆಗಿದ್ರೆ, ಎಲ್ಲರೂ ಎದ್ದು ನಿಲ್ಲಿ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ಇಲ್ಲಿ ಹಾಗಲ್ಲ. ಏಳೋಕೆ ಆಗೋರು ಏಳಿ. ಆಗದವರು ಕೂತಲ್ಲೇ ಬೆನ್ನು ನೇರ ಮಾಡಿ, ನಮ್ಮ ಲೆಕ್ಕದಲ್ಲಿ ಅದೂ ನಿಂತ ಹಾಗೇ. ಅವಸರ ಇಲ್ಲ. ಕೊನೆಯವರು ಎದ್ದ ಮೇಲೇ ಮೌನ ಶುರು. ಪಕ್ಕದವರನ್ನ ಹಿಡಿದು ಎಳೀಬೇಡಿ. ಕೇಳಿ.

ಹಾಂ, ಟೈಲರಕ್ಕ. ನಿಧಾನ. ಕುರ್ಚಿ ಕೈ ಹಿಡಿದು... ಬಂದ್ರಿ. — ಮೇಷ್ಟ್ರೇ, ಕೋಲು ಬಿಟ್ಟೀರಿ, ನೋಡ್ಕೊಳ್ಳಿ. — ಯಜಮಾನರೇ, ನೀವು ಕೂತೇ ಇರಿ, ಪರವಾಗಿಲ್ಲ... ಸರಿ, ನಿಲ್ಲಿ.

ಯಾಕೆ ಮಗಳೇ? ಎಲ್ಲಿಗೆ ಹೊರಟೆ? ಹೋಗ್ತೀಯಾ?... ಬಿಡಿ, ಯಾರೂ ತಡೀಬೇಡಿ. ಅವಳಿಗೆ ಹೋಗಬೇಕು ಅನಿಸಿದ್ರೆ ಹೋಗಲಿ. ದಾರಿ ಬಿಡಿ.

...ಓ.

ಹಾರ್ನಣ್ಣಾ. ತಲೆ ಎತ್ತಿ. ನಿಮ್ಮ ಮುಂದೆ ಯಾರು ನಿಂತಿದ್ದಾರೆ ನೋಡಿ. ಅವಳ ಎರಡೂ ಕೈ ಬೆನ್ನ ಹಿಂದಿದೆ. ಏನೋ ಕೇಳ್ತಿದ್ದಾಳೆ, ಇಲ್ಲಿಗೆ ಕೇಳಿಸ್ತಿಲ್ಲ. ಕೇಳಿಸಬೇಕಾಗೂ ಇಲ್ಲ. ಏನು ಕೇಳಿದಳು ಅಂತ ನಮಗೆಲ್ಲ ಗೊತ್ತು. ಉತ್ತರ ಕೊಡಿ ಅಣ್ಣಾ. ಬೇಕು ಅನ್ನಿ, ಬೇಡ ಅನ್ನಿ, ಏನಾದ್ರೂ ಅನ್ನಿ. ಸುಮ್ಮನೆ ಮಾತ್ರ ಇರಬೇಡಿ.

ನಾವು ಕಾಯ್ತೀವಿ.

...ಹೂಂ ಅಂದ್ರು.

ಪುಟ್ಟೀ, ಕಂಕುಳಿಗೆ ಕೈ ಹಾಕಬೇಡ. ಮೊಣಕೈ ಕೆಳಗೆ ಹಿಡಿ, ಅಷ್ಟೇ ಸಾಕು. ಎತ್ತಬೇಡ. ಅವರೇ ಬರ್ತಾರೆ. ನಿಧಾನ... ಅವರಿಗೆ ಗೊತ್ತು. ನಿಮ್ಮಮ್ಮ ಕಲಿಸಿದ್ದಾಳೆ.

ನಿಂತ್ರು.

ಈಗ, ಮೌನ.